ತೆಂಗಿನ ಹಲಗೆಯ ಬೆಂಚು

ಬೆಂಚಿನ ಮಾತು ಮೊದಲು ಎದ್ದದ್ದು ಹುರುಳಿಕಾಳಿನ ಸಾರಿನ ಮುಂದೆ. ಶಿವರಾತ್ರಿ ಕಳೆದು ನಾಲ್ಕು ದಿನವಾಗಿತ್ತು. ನಂಜಯ್ಯ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಇನ್ನೇನು ಬಾಯಿಗಿಡಬೇಕು ಅನ್ನುವಾಗ ಸೊಸೆ ಸ್ವರ್ಣಲತಾ ಸೌಟು ಹಿಡಿದುಕೊಂಡೇ, “ಶೆಡ್ಡಲ್ಲಿ ನಂಗೊಂದು ಬೆಂಚು ಬೇಕು ಮಾವ” ಅಂದಳು.

ನಂಜಯ್ಯ ತುತ್ತು ನುಂಗಿ, ಒಂದು ಗುಟುಕು ನೀರು ಕುಡಿದು, ಆಮೇಲೆ ಕೇಳಿದ. “ಯಾಕೆ, ಕೂತ್ಕಳಕ್ಕೆ ಮನೇಲಿ ಜಗುಲಿ ಸಾಲದಾ?”

“ಕೂತ್ಕಳಕ್ಕಲ್ಲ, ನಿಂತ್ಕಂಡು ಕೆಲಸ ಮಾಡಕ್ಕೆ. ಗಟ್ಟಿಯಾಗಿರೋದು. ನೆಲದ ಮೇಲೆ ಬಗ್ಗಿ ಕೂತು ಮಾಡಿದ್ರೆ ಬೆನ್ನು ಇನ್ನೊಂದು ವರ್ಷ ತಡೆಯಲ್ಲ ಅಂತ ಹಾಸನದ ಡಾಕ್ಟ್ರು ಹೇಳವ್ರೆ.”

“ಡಾಕ್ಟ್ರು ಬೆಂಚು ಮಾಡ್ಸು ಅಂದ್ರಾ, ಕೆಲಸ ಬುಡು ಅಂದ್ರಾ?”

“ಬಗ್ಗಬೇಡ ಅಂದ್ರು.”

“ಅಂಗಾರೆ ಬಗ್ಗಬ್ಯಾಡ. ಒಳಗೆ ನಿಂತ್ಕಂಡು ರೊಟ್ಟಿ ತಟ್ಟು. ಗ್ಯಾಸಿನ ಕಟ್ಟೆ ಸೊಂಟದೆತ್ತರಕ್ಕೇ ಕಟ್ಸಿವ್ನಿ.”

ಅತ್ತೆ ಬೀರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಗಂಡ ನಂಜುಂಡೇಶ ತಟ್ಟೆಯಿಂದ ತಲೆ ಎತ್ತಲಿಲ್ಲ. ಮೂರನೇ ಕ್ಲಾಸಿನ ಮಗಳು ವರ್ಷಾ ಮಾತ್ರ ತಾತನ ಮುಖ ಒಮ್ಮೆ, ಅಮ್ಮನ ಮುಖ ಒಮ್ಮೆ ನೋಡಿದಳು. ಸ್ವರ್ಣಲತಾ ಇನ್ನೊಂದು ಸೌಟು ಸಾರನ್ನು ಮಾವನ ತಟ್ಟೆಗೆ ಸುರಿದಳು. ಬೇಡ ಎಂದು ಅವನು ಕೈ ಅಡ್ಡ ಇಟ್ಟರೂ ಸುರಿದಳು.

ಸ್ವರ್ಣಲತಾಳ ಅಪ್ಪ ಚೆನ್ನಯ್ಯನಿಗೆ ಹೊಳೆನರಸೀಪುರದಲ್ಲಿ ಮೋಟಾರು ವೈಂಡಿಂಗಿನ ಅಂಗಡಿಯಿತ್ತು. ಸುಟ್ಟುಹೋದ ಪಂಪಿನ ಮೋಟಾರು ಬಿಚ್ಚಿ, ಕರಕಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕಾಯಿಲ್ ಕಟ್ಟುವ ಕೆಲಸ. ಅವಳು ಐಟಿಐ ಓದುತ್ತಲೇ ಅಪ್ಪನ ಪಕ್ಕದಲ್ಲಿ ನಿಂತು ಕಲಿತಳು. ಚನ್ನರಾಯಪಟ್ಟಣದ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಆರು ವರ್ಷ ಆ ಕೈಗೆ ಮುದ್ದೆಯ ಕೋಲು ಬಿಟ್ಟು ಬೇರೆ ಏನೂ ಸಿಗಲಿಲ್ಲ. ಒಂದು ಬೇಸಿಗೆಯಲ್ಲಿ ಬಾಗೂರಿನ ತಮ್ಮ ತೋಟದ ಮೋಟಾರು ಸುಟ್ಟು, ಪೇಟೆಯ ಅಂಗಡಿಗಳಲ್ಲೆಲ್ಲ ಹದಿನೈದು ದಿನ ಕಾಯಬೇಕು ಅಂದಾಗ, ಅವಳೇ ಕಾರಿನ ಶೆಡ್ಡಿನಲ್ಲಿ ಚಾಪೆ ಹಾಸಿಕೊಂಡು ಕಟ್ಟಿಕೊಟ್ಟಳು. ತೆಂಗಿಗೆ ನೀರು ಹರಿದಾಗ ನಂಜಯ್ಯನಿಗೂ ಸಂತೋಷವಾಗಿತ್ತು. ಆದರೆ ಸುದ್ದಿ ತೋಟದಿಂದ ತೋಟಕ್ಕೆ ಹೋಯಿತು. ಬಾಗೂರಿನಿಂದ, ಹಿರೀಸಾವೆ ಕಡೆಯಿಂದ ರೈತರು ಮೋಟಾರು ಹೊತ್ತುಕೊಂಡು ಮನೆ ಬಾಗಿಲಿಗೆ ಬರಲು ಶುರುಮಾಡಿದರು. ನಂಜುಂಡೇಶ ಕಾರು ತೆಗೆದುಕೊಂಡು ಬಾಡಿಗೆಗೆ ಹೋದ ಮೇಲೆ ಶೆಡ್ಡು ಖಾಲಿ. ಚಾಪೆ ಹಾಸಿದರೆ ಕೆಲಸ, ಸುತ್ತಿದರೆ ಇಲ್ಲ.

ಚಾಪೆಯನ್ನು ನಂಜಯ್ಯ ಹೇಗೋ ಸಹಿಸಿಕೊಂಡಿದ್ದ. ಚಾಪೆ ಇವತ್ತಲ್ಲ ನಾಳೆ ಸುತ್ತಿಡುವಂಥದ್ದು. ಬೆಂಚು ಹಾಗಲ್ಲ. ನಾಲ್ಕು ಕಾಲು ಊರಿಕೊಂಡು ನಿಂತರೆ ಅದು ಅಂಗಡಿ, ಸೊಸೆ ಅಂಗಡಿಯವಳು. ಇದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅದಕ್ಕೇ ಅವಳಿಗೆ ಬೆಂಚು ಬೇಕಿತ್ತು, ಅದಕ್ಕೇ ಅವನಿಗೆ ಬೇಡವಾಗಿತ್ತು.

“ಬಾಗೂರ್ನೋರು ನನ್ನ ಏನಂತ ಕರೀತಾವ್ರೆ ಗೊತ್ತೇನ್ಲಾ?” ಮರುದಿನ ಮಗನನ್ನು ಕೇಳಿದ. “ಮೋಟ್ರು ನಂಜಯ್ಯ ಅಂತ. ನಮ್ಮಪ್ಪನ ಕಾಲದಿಂದ ತ್ವಾಟದ ನಂಜಯ್ಯ ಆಗಿದ್ದೋನು ನಾನು.”

“ಹಿಂದ್ಗಡೆ ವಸಿ ಜಾಗ ಐತಲ್ಲಪ್ಪ. ಕಾರು ನಿಂತ್ರೂ ಐದಡಿ ಮಿಗ್ತದೆ.”

“ಜಾಗ ಕೇಳುದ್ನಾ ನಾನು? ಎಂಡ್ತಿ ಮಾತ್ನ ಅಳತೆ ಟೇಪಲ್ಲಿ ಅಳ್ಕೊಂಡು ಬಂದವ್ನೆ.”

ಅಲ್ಲಿಂದ ಮುಂದೆ ಬೀರಮ್ಮನ ಸರದಿ. ಬೆಳಿಗ್ಗೆ ಹಾಲು ಕಾಯಿಸಿ, ರೊಟ್ಟಿ ತಟ್ಟಿ, ಮಗಳನ್ನು ಸ್ಕೂಲ್ ವ್ಯಾನು ಹತ್ತಿಸಿ ಸ್ವರ್ಣಲತಾ ಶೆಡ್ಡಿನ ಬಾಗಿಲಿಗೆ ಕೈ ಹಾಕಿದಳೋ ಇಲ್ಲವೋ, ಒಳಗಿನಿಂದ ಕೂಗು. ಒಂದು ದಿನ ವರ್ಷಕ್ಕಾಗುವ ಹುಣಸೆಹಣ್ಣಿನ ಬೀಜ ಬಿಡಿಸುವುದು. ಇನ್ನೊಂದು ದಿನ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನು ಇಳಿಸಿ ತಿಕ್ಕುವುದು. ಕ್ಲೀನು ಮಾಡಿ ಮೂಟೆ ಕಟ್ಟಿದ್ದ ರಾಗಿಯನ್ನು ಬಿಚ್ಚಿ ಮತ್ತೆ ಕೇರುವುದು.

“ಇದನ್ನ ಹೋದ ತಿಂಗಳೇ ಕೇರಿದೀವಿ ಅತ್ತೆ.”

“ಕಲ್ಲು ಸಿಕ್ತು ಕಣಮ್ಮಿ, ಮುದ್ದೇಲಿ.”

“ಯಾರಿಗೆ?”

“ಯಾರಿಗೋ ಸಿಕ್ತು. ಮೊರ ಇಡ್ಕೊ.”

ಸ್ವರ್ಣಲತಾ ಮೊರ ಹಿಡಿದಳು. ಮಧ್ಯಾಹ್ನ ಮೂರಕ್ಕೆ ಎಲ್ಲ ಮುಗಿಸಿ ಶೆಡ್ಡಿಗೆ ಹೋಗಿ, ಸೊಂಟಕ್ಕೆ ಪಟ್ಟಿ ಬಿಗಿದು, ಚಾಪೆಯ ಮೇಲೆ ಒಂದು ಗಂಟೆ ಬಗ್ಗಿದರೆ ಏಳುವಾಗ ಗೋಡೆ ಹಿಡಿದುಕೊಳ್ಳಬೇಕಿತ್ತು. ಆದರೂ ದಿನಾ ಊಟದ ಹೊತ್ತಿಗೆ ಅದೇ ಮಾತು ತೆಗೆದಳು. ಬೆಂಚು ಬೇಕು ಮಾವ. ಉಪ್ಪಿನಕಾಯಿ ಬೇಕಾ ಅನ್ನುವಷ್ಟೇ ಸಲೀಸಾಗಿ. ಹದಿಮೂರನೆಯ ದಿನವೋ ಹದಿನಾಲ್ಕನೆಯ ದಿನವೋ ನಂಜಯ್ಯ ತಟ್ಟೆ ಬದಿಗೆ ಸರಿಸಿ, “ಆಗ್ಲಿ, ಮಾಡ್ಕೊ” ಅಂದುಬಿಟ್ಟ.

ಬೀರಮ್ಮನ ಕೈಯ ಚೊಂಬು ಅರ್ಧಕ್ಕೇ ನಿಂತಿತು. “ಏನಂದ್ರಿ?”

“ಮಾಡ್ಕಳ್ಲಿ ಅಂದೆ. ತ್ವಾಟದಲ್ಲಿ ಸುಳಿ ಕೊಳ್ತು ಸತ್ತಿರೋ ಮರ ಎರಡು ನಿಂತವೆ. ಸುಮ್ಕೆ ನಿಂತು ದುಂಬಿ ಕರೀತವೆ. ನಾಳೆ ರಾಮಣ್ಣುನ್ನ ಕರ್ಸಿ ಕುಯ್ಸದೆ. ನೀನೂ ಬಾರವ್ವ, ನೋಡ್ಕೊ.”

ಮಾವ ಇಷ್ಟು ಸುಲಭಕ್ಕೆ ಬಗ್ಗಿದ್ದು ಸ್ವರ್ಣಲತಾಳಿಗೆ ಹಿಡಿಸಲಿಲ್ಲ. ಹಾಗಂತ ಸಿಕ್ಕಿದ್ದನ್ನು ಬಿಡುವವಳೂ ಅವಳಲ್ಲ.

ಬಾಗೂರಿನ ತೋಟದಲ್ಲಿ ಬಾವಿಯಿಂದ ಮೂರನೆಯ ಸಾಲಿನಲ್ಲಿ ಎರಡು ಮರ, ತಲೆಯಿಲ್ಲದೆ ಕಂಬದ ಹಾಗೆ ನಿಂತಿದ್ದವು. ಅರವತ್ತು ವರ್ಷ ದಾಟಿದ ಮರ, ನಿಂತಲ್ಲೇ ಒಣಗಿದ್ದು. ಬೆರಳ ಗೆಣ್ಣಿನಿಂದ ಬಡಿದು ನೋಡಿದಳು. ಕಲ್ಲು ಬಡಿದ ಹಾಗೆ ಸದ್ದು ಬಂತು. ಸೈಕಲ್ಲಿನಲ್ಲಿ ಮರ ಕೊಯ್ಯುವ ಮೆಷಿನ್ನು ಕಟ್ಟಿಕೊಂಡು ಬಂದಿದ್ದ ರಾಮಣ್ಣ ಸಾಲಿನ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿ, ಏನೋ ಕೇಳುವವನ ಹಾಗೆ ನಂಜಯ್ಯನ ಪಕ್ಕಕ್ಕೆ ಹೋದ. ಇಬ್ಬರೂ ಬಾವಿಯ ಕಡೆ ನಾಲ್ಕು ಹೆಜ್ಜೆ ಹೋಗಿ ನಿಂತರು. ಮಾತು ಕೇಳಿಸಲಿಲ್ಲ.

ಸ್ವರ್ಣಲತಾಳಿಗೆ ಒಂದು ವಿಷಯ ನೆನಪಿತ್ತು. ಗಂಡನ ಅಕ್ಕ ಆಶಾರಾಣಿಯನ್ನು ಅರಕಲಗೂಡಿಗೆ ಮದುವೆ ಮಾಡಿ ಕೊಟ್ಟಾಗ, ಅರಿಶಿನ ಕುಂಕುಮಕ್ಕೆಂದು ಈ ತೋಟದ ಆರು ಮರಗಳನ್ನು ಅವಳಿಗೆ ಬಿಟ್ಟಿದ್ದರು. ಆ ಆರು ಮರದ ಕಾಯಿ ಪ್ರತಿ ಕೊಯ್ಲಿಗೂ ಬೇರೆಯೇ ಗುಡ್ಡೆ ಬೀಳಬೇಕು, ಅರಕಲಗೂಡಿಗೆ ಹೋಗಬೇಕು. ಯಾವ ಆರು ಅನ್ನುವುದು ಮಾತ್ರ ಅವಳಿಗೆ ತಿಳಿಯದು. ಕೊಯ್ಲಿನ ದಿನ ಅವಳಿಗೆ ಅಡುಗೆಮನೆ, ತೋಟವಲ್ಲ.

“ಮಾವ, ಇದು ಯಾರ ಮರ?” ಎಂದು ಗಟ್ಟಿಯಾಗಿಯೇ ಕೇಳಿದಳು. “ಆಶಕ್ಕನ ಸಾಲು ಇದಲ್ಲ ತಾನೆ?”

“ಸತ್ತ ಮರಕ್ಕೆ ಯಾವ ಯಜಮಾನನವ್ವ?” ಅಂದ ನಂಜಯ್ಯ. “ಕುಯ್ಯೋ ರಾಮಣ್ಣ, ಬಿಸ್ಲೇರ್ತದೆ.”

ರಾಮಣ್ಣ ಕೊಯ್ದ.

ತೆಂಗಿನ ಮರದಲ್ಲಿ ಬುಡದ ಹತ್ತಡಿಯೇ ಗಟ್ಟಿ, ಮೇಲಕ್ಕೆ ಹೋದಷ್ಟೂ ಮೆದು. ಬುಡದಲ್ಲೂ ಹೊರಗಿನ ಸುತ್ತು ಮಾತ್ರ ಕಬ್ಬಿಣ, ಒಳಗಿನ ತಿರುಳು ಕೈಯಲ್ಲಿ ಹಿಂಡಿದರೆ ಪುಡಿ. ಸ್ವರ್ಣಲತಾ ಎರಡೂ ಬುಡಗಳನ್ನು ಟ್ರ್ಯಾಕ್ಟರಿನಲ್ಲಿ ಹಾಕಿಸಿ ಕಾಂತರಾಜುವಿನ ಸಾಮಿಲ್ಲಿಗೆ ತಂದಳು. ಕಾಂತರಾಜು ನೋಡಿ ಕೈ ಝಾಡಿಸಿದ.

“ತೆಂಗಾ? ಬ್ಲೇಡಿನ ಹಲ್ಲು ಉದ್ರೋಯ್ತವೆ ಕಣಮ್ಮ. ಬ್ಯಾಡ, ವಾಪಸ್ ತಗಂಡೋಗು.”

“ಹೋದ ವರ್ಷ ಇದೇ ಮಿಲ್ಲಿನ ಮೋಟ್ರು ಸುಟ್ಟಾಗ ಎರಡೇ ದಿನಕ್ಕೆ ಕಟ್ಕೊಟ್ಟೆ ಕಾಂತರಾಜಣ್ಣ. ಆವಾಗ ನನ್ನ ಬೆನ್ನಿನ ಮೂಳೆ ಉದುರ್ತದೆ ಅಂದಿದ್ನಾ ನಾನು?”

ಕಾಂತರಾಜು ತಲೆ ಕೆರೆದುಕೊಂಡ. “ನಾಳೆ ಸಂಜೆ ಬ್ಲೇಡು ಬದ್ಲಾಯಿಸ್ತೀನಿ. ಅದಕ್ಕೆ ಮುಂಚೆ ಹಳೆ ಬ್ಲೇಡಲ್ಲಿ ಕುಯ್ಕೊಡ್ತೀನಿ. ಇನ್ಯಾರ್ಗೂ ಯೋಳ್ಬ್ಯಾಡ ಮತ್ತೆ.”

ಹೀಗೆ ಎರಡಿಂಚು ದಪ್ಪದ ಹಲಗೆಗಳು ಶೆಡ್ಡಿಗೆ ಬಂದವು. ಕಪ್ಪು ನಾರಿನ ಗೆರೆ ಬಿದ್ದ, ಕೆಂಪು ಮಿಶ್ರಿತ ಕಂದು ಹಲಗೆ. ಮುಟ್ಟಿದರೆ ನಾರು ಸೂಜಿಯ ಹಾಗೆ ಚುಚ್ಚುತ್ತಿತ್ತು. ಎರಡು ದಿನ ಉಪ್ಪುಕಾಗದ ಹಾಕಿ ಉಜ್ಜಿದಳು. ಗೋಡೆಗೆ ಆತು ನಿಂತು, ಕೈ ಇಳಿಬಿಟ್ಟು, ಮಣಿಕಟ್ಟು ಬರುವ ಕಡೆ ಪೆನ್ಸಿಲ್ ಗುರುತು ಹಾಕಿದಳು. ಮೂವತ್ತೊಂದು ಇಂಚು. ಅಪ್ಪ ಹೇಳಿಕೊಟ್ಟ ಅಳತೆಯದು. ಬೆಂಚು ಕೆಲಸ ಮಾಡುವವರ ಮಣಿಕಟ್ಟಿನ ಎತ್ತರಕ್ಕಿದ್ದರೆ ಬೆನ್ನು ಬಗ್ಗುವುದಿಲ್ಲ, ಭುಜ ಏಳುವುದಿಲ್ಲ.

ಬಾಡಿಗೆ ಮುಗಿಸಿ ಬಂದ ನಂಜುಂಡೇಶ ಗುರುತು ನೋಡಿದ. “ತೀರಾ ಗಿಡ್ಡ ಆಯ್ತಲ್ಲೇ. ನಾನು ನಿಂತ್ಕಂಡ್ರೆ ತೊಡೆಗೆ ಬತ್ತದೆ.”

“ನೀವು ಯಾವತ್ತು ನಿಂತ್ಕತೀರಾ?”

“ಒಂದಿನ ಟಯರ್ರೋ ಪಂಚರ್ರೋ…”

“ಆವತ್ತು ಬಗ್ಗಿ.”

ಕಾಲಿಗೆ ಒಂದೇ ಹಲಗೆ ಸಾಲದೆಂದು ಎರಡೆರಡು ಹಲಗೆ ಜೋಡಿಸಿ ಬೋಲ್ಟು ಹಾಕಿದಳು. ಮೊಳೆ ಹೊಡೆದರೆ ತೆಂಗು ಸೀಳುತ್ತದೆ. ಅದಕ್ಕೇ ಪ್ರತಿಯೊಂದು ತೂತನ್ನೂ ಡ್ರಿಲ್ಲಿನಲ್ಲಿ ಮೊದಲೇ ಕೊರೆದಳು. ಹಿಂದೆ, ಎರಡು ಪಕ್ಕಕ್ಕೆ ಅಡ್ಡಪಟ್ಟಿ. ಕೆಳಗೆ ನೆಲದಿಂದ ಒಂದಡಿ ಮೇಲೆ ಇನ್ನೊಂದು ಹಲಗೆ, ಅದರ ತುಂಬ ಹಳೆಯ ಮೋಟಾರಿನ ಕಬ್ಬಿಣ, ಬೆಂಚು ಜಗ್ಗದಿರಲೆಂದು. ಮೇಲೆ ಹಾಸಲು ಐದು ಹಲಗೆ. ಆರಡಿ ಉದ್ದ, ಎರಡಡಿ ಅಗಲ. ಬೆಳಗಿನ ರಾಗಿ, ಹುಣಸೆ, ಹಿತ್ತಾಳೆಗಳ ನಡುವೆ ಇಷ್ಟಾಗಲು ಹತ್ತು ದಿನ ಹಿಡಿಯಿತು. ಬೀರಮ್ಮ ದಿನಕ್ಕೆರಡು ಸಲ ಶೆಡ್ಡಿನ ಬಾಗಿಲಿಗೆ ಬಂದು, ಮೂಗಿಗೆ ಸೆರಗು ಹಿಡಿದು, ಧೂಳೆಲ್ಲ ಹಾಲಿಗೆ ಬೀಳುತ್ತದೆ ಅಂದು ಹೋಗುತ್ತಿದ್ದಳು. ನಂಜಯ್ಯ ಮಾತ್ರ ಒಂದು ಅಡ್ಡ ಮಾತೂ ಆಡಲಿಲ್ಲ. ಕೊನೆಯ ಬೋಲ್ಟು ಬಿಗಿಯುವ ದಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಎಲೆಯಡಿಕೆ ಹಾಕಿಕೊಂಡು, ಮುಗಿಯುವ ತನಕ ನೋಡಿದ.

“ಮುಗೀತಾ?”

“ಮುಗೀತು ಮಾವ.”

ಹತ್ತು ಎಚ್‌ಪಿ ಮೋಟಾರೊಂದನ್ನು ತಂದಿದ್ದ ರೈತರ ಕೈಯಲ್ಲೇ ಬೆಂಚಿನ ಮೇಲೆ ಏರಿಸಿ, ಮರದ ಸುತ್ತಿಗೆಯಿಂದ ನಾಲ್ಕು ಏಟು ಬಾರಿಸಿದಳು. ಬೆಂಚು ಅಲ್ಲಾಡಲಿಲ್ಲ.

“ಗಟ್ಟಿ ಐತೆ” ಅಂದ ನಂಜಯ್ಯ. ಎದ್ದು ಜಗುಲಿಗೆ ಹೋಗಿ ಫೋನು ತೆಗೆದ. ಯುಗಾದಿಗೆ ಇನ್ನು ಎರಡು ದಿನವಿತ್ತು.

ಆಶಾರಾಣಿ ಬಂದದ್ದು ಯುಗಾದಿಯ ಮರುದಿನ, ವರ್ಷತೊಡಕಿಗೆ. ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಿ, ಹನ್ನೊಂದು ಗಂಟೆಗೆ ಗೇಟು ತಳ್ಳಿದಳು. ಒಲೆಯ ಮೇಲೆ ಮಟನ್ ಕುದಿಯುತ್ತಿತ್ತು. ಅವ್ವ ಕೊಟ್ಟ ನೀರಿನ ಚೊಂಬನ್ನು ಮುಟ್ಟಲಿಲ್ಲ. ಚಪ್ಪಲಿ ಕಾಲಲ್ಲೇ ನೇರ ಶೆಡ್ಡಿಗೆ ನಡೆದಳು. ಬೆಂಚಿನ ಮೇಲೆ ಅಂಗೈ ಆಡಿಸಿದಳು.

“ಇದೇನಾ? ನನ್ನ ಅರಿಶಿನ ಕುಂಕುಮ ಇದೇನಾ?”

ಈರುಳ್ಳಿ ಹೆಚ್ಚುತ್ತಿದ್ದ ಸ್ವರ್ಣಲತಾ ಕೈ ಒರೆಸಿಕೊಂಡು ಹೊರಗೆ ಬಂದಳು. “ಏನಕ್ಕ?”

“ಏನಕ್ಕ ಅಂತೆ! ನನ್ನ ಆರು ಮರದಲ್ಲಿ ಎರಡು ಕುಯ್ಸಿ, ಮೊಳೆ ಒಡ್ದು ಕಾಲು ಮಾಡಿ ನಿಲ್ಸವ್ಳೆ, ಏನಕ್ಕ ಅಂತಾಳೆ. ಯಾರನ್ನ ಕೇಳ್ದೆಯಮ್ಮಿ?”

“ಮೊಳೆ ಅಲ್ಲ, ಬೋಲ್ಟು” ಅಂದಳು ಸ್ವರ್ಣಲತಾ. ಆಮೇಲೆ ಮಾತು ಪೂರ್ತಿ ತಲೆಗೆ ಹೋಯಿತು. ಜಗುಲಿಯ ಮೇಲೆ ಕೂತಿದ್ದ ಮಾವನ ಕಡೆ ತಿರುಗಿದಳು. “ಮಾವ?”

ನಂಜಯ್ಯ ಅಂಗಳಕ್ಕೆ ಉಗುಳಿ ಬಾಯಿ ಒರೆಸಿಕೊಂಡ. “ನನ್ನೇನು ನೋಡ್ತೀಯ? ನಾನು ಸತ್ತ ಮರ ಕುಯ್ಕೊ ಅಂದೆ. ಯಾವುದು ಅಂತ ತೋರಿಸ್ದೋಳು ನೀನು.”

“ನೀವು ಜೊತೇಲೆ ಇದ್ರಿ.”

“ನಾನು ಬಾವಿ ತಾವ ಇದ್ದೆ. ಬರೋ ವೊತ್ಗೆ ಮರ ನೆಲದ ಮೇಲಿತ್ತು. ಸುಳ್ಳಾಡ್ಬ್ಯಾಡ ಕಣವ್ವ, ವರ್ಸತೊಡಕಿನ ದಿನ.”

“ನಾನು ಕೇಳ್ಲಿಲ್ವಾ, ಆಶಕ್ಕನ ಸಾಲು ಇದಲ್ಲ ತಾನೆ ಅಂತ?”

“ಕೇಳ್ಲಿಲ್ಲ.”

ಆ ‘ಕೇಳ್ಲಿಲ್ಲ’ ಎಷ್ಟು ಸಲೀಸಾಗಿ ಬಂತೆಂದರೆ, ಒಂದು ಕ್ಷಣ ಸ್ವರ್ಣಲತಾಳಿಗೇ ತಾನು ಕೇಳಿದ್ದು ಹೌದೋ ಅಲ್ಲವೋ ಅನ್ನಿಸಿಬಿಟ್ಟಿತು. ಗಂಡನ ಕಡೆ ನೋಡಿದಳು. ಅವನು ಕಾರಿನ ಗಾಜು ಒರೆಸುತ್ತಿದ್ದ.

“ನಿಮಗೆ ಗೊತ್ತಿತ್ತಾ, ಮೂರನೇ ಸಾಲು ಅಕ್ಕನದು ಅಂತ?”

“ಸಾಲು ಗೊತ್ತಿತ್ತು. ಹಲಗೆ ನೋಡಿದ್ರೆ ಯಾವ ಸಾಲಿಂದು ಅಂತ ಗೊತ್ತಾಗ್ತದಾ?” ಅಂದ ನಂಜುಂಡೇಶ, ಗಾಜಿಗೇ ಹೇಳುವ ಹಾಗೆ.

“ಗಂಡ ಎಂಡ್ತಿ ನಾಟ್ಕ ಆಮೇಲಾಡಿ” ಅಂದಳು ಆಶಾರಾಣಿ. “ನಮ್ಮ ಕೊಟ್ಗೆಗೆ ಹಲಗೆ ಬೇಕು. ನಾಳೆ ಬೆಳಿಗ್ಗೆ ಗೂಡ್ಸ್ ಆಟೋ ಬತ್ತದೆ. ಅಷ್ಟೊತ್ಗೆ ಬಿಚ್ಚಿ ಇಡು. ಒಂದು ಚೂರು ಉಳಿಸ್ಕಂಡ್ರೂ ಸುಮ್ಕಿರಲ್ಲ ನಾನು.”

“ಬಿಸಿ ಊಟ ಐತೆ, ಉಂಡ್ಕಂಡು ಮಾತಾಡ್ರವ್ವ” ಎಂದು ಬೀರಮ್ಮ ಒಳಗಿನಿಂದ ಕೂಗಿದಳು. “ಇವತ್ತು ಜಗಳಾಡಿದ್ರೆ ವರ್ಸ ಪೂರ್ತಿ ತೊಡ್ರುಕತದೆ.”

“ತೊಡ್ರುಕಳ್ಲಿ!”

ಸ್ವರ್ಣಲತಾ ಶೆಡ್ಡಿನೊಳಗೆ ಹೋಗಿ ಹದಿನೇಳರ ಸ್ಪ್ಯಾನರ್ ಕೈಗೆತ್ತಿಕೊಂಡಳು. ನಂಜಯ್ಯ ಜಗುಲಿಯ ಮೇಲೆ ಕಾಲು ಮಡಚಿ ಕೂತ. ನೋಡಲು ಒಳ್ಳೆಯ ಜಾಗ ಹಿಡಿದವನ ಹಾಗೆ ಕೂತ. ಅವನು ಕೂತ ಬಗೆ ನೋಡಿಯೇ ಅವಳಿಗೆ ಎಲ್ಲ ತಿಳಿಯಿತು. ಹಲಗೆ ಬಂದಾಗ ಸುಮ್ಮನಿದ್ದದ್ದು, ಕಾಲು ನಿಲ್ಲಿಸಿದಾಗ ಸುಮ್ಮನಿದ್ದದ್ದು, ಕೊನೆಯ ಬೋಲ್ಟಿನ ತನಕ ಕುರ್ಚಿ ಹಾಕಿಕೊಂಡು ಕಾದದ್ದು. ಬೆಂಚು ಬೇಡ ಅಂದಿದ್ದರೆ ಅವಳು ಇನ್ನೆಲ್ಲಾದರೂ ಹಲಗೆ ತರುತ್ತಿದ್ದಳು. ಕಟ್ಟಿಸಿ ಬಿಚ್ಚಿಸಿದರೆ ಇನ್ನೊಮ್ಮೆ ಕೇಳುವ ಬಾಯಿ ಇರುವುದಿಲ್ಲ.

ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟಳು.

“ಬಿಚ್ಕೊಡ್ತೀನಿ ಅಕ್ಕ. ನಿಮ್ಮ ಮರ, ನಿಮ್ಮ ಹಲಗೆ. ಆದ್ರೆ ಕೇಳ್ದೆ ಕುಯ್ದೋಳು ಅಂತ ಅನ್ನಿಸ್ಕಂಡು ಬಿಚ್ಚಲ್ಲ. ಮರ ಕುಯ್ದ ರಾಮಣ್ಣ ಬದುಕವ್ನೆ. ಫೋನ್ ಮಾಡಿ.”

“ಅವನ್ನೇನು ಕೇಳೋದು, ಕುಡುಕ ನನ್ಮಗ” ಅಂದ ನಂಜಯ್ಯ, ತಟ್ಟನೆ.

ಆ ತಟ್ಟನೆ ಬಂದ ಮಾತೇ ಆಶಾರಾಣಿಯ ಕಿವಿ ನೆಟ್ಟಗೆ ಮಾಡಿತು. ಅವಳು ನಂಜಯ್ಯನ ಮಗಳು. ಅಪ್ಪನ ಸುಳ್ಳುಗಳ ಜೊತೆ ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಬೆಳೆದವಳು. ಫೋನು ತೆಗೆದು ಸ್ಪೀಕರಿಗೆ ಹಾಕಿದಳು.

“ರಾಮಣ್ಣ, ನಾನು ಆಶಾ ಕಣೋ. ನಮ್ಮ ತ್ವಾಟದ ಮೂರನೇ ಸಾಲಲ್ಲಿ ಎರಡು ಮರ ಕುಯ್ದ್ಯಲ್ಲ, ಯಾರು ಕುಯ್ಯಿ ಅಂದಿದ್ದು?”

ಆ ಕಡೆಯಿಂದಲೂ ವರ್ಷತೊಡಕಿನ ಗದ್ದಲ ಕೇಳಿಸುತ್ತಿತ್ತು. “ಅಯ್ಯೋ ಆಶಕ್ಕ, ನಾನವತ್ತೇ ಅಂದೆ ನಿಮ್ಮಪ್ಪಂಗೆ. ಇದು ಆಶಕ್ಕುನ್ ಮರ ಅಲ್ವಾ ಅಂತ ಬಾವಿ ತಾವ ಕರ್ಕಂಡೋಗಿ ಕೇಳ್ದೆ. ಗೊತ್ತು ಸುಮ್ಕಿರ್ಲಾ, ಆ ವಮ್ಮುಂಗೆ ಯೋಳ್ಬ್ಯಾಡ ಅಂದ್ರು. ಆ ವಮ್ಮನೂ ಕೇಳ್ತು ಪಾಪ. ಯಾಕಕ್ಕ, ಏನಾಯ್ತು?”

“ಏನಿಲ್ಲ. ಉಣ್ಣೋಗು.”

ಫೋನು ಇಟ್ಟು ಅಪ್ಪನ ಮುಂದೆ ಬಂದು ನಿಂತಳು.

“ಮರ ಯಾವಾಗ ಸತ್ತಿದ್ದಪ್ಪ?” ಎಂದು ಕೇಳಿದಳು ಆಶಾರಾಣಿ. ದನಿ ಇಳಿದಿತ್ತು, ಅದಕ್ಕೇ ಹೆಚ್ಚು ಭಯವಾಗುತ್ತಿತ್ತು.

“ಯಾವಾಗ್ಲೋ ಸತ್ವು. ಸುಳಿ ಕೊಳೀತು.”

“ಯಾವಾಗ?”

“ಹೋದ ಮಳೆಗಾಲಕ್ಕೆ ಮುಂಚೆ” ಅಂದಳು ಬೀರಮ್ಮ, ಅಡುಗೆಮನೆಯ ಬಾಗಿಲಿಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

“ಅಂಗಾರೆ ವರ್ಸದಿಂದ ನಂಗೆ ಬತ್ತಿರೋದು ನಾಲ್ಕೇ ಮರದ ಕಾಯಿ. ಮದುವೆ ದಿನ ಐದು ಜನ ಹಿರೀಕರ ಮುಂದೆ ನೀನೇ ಒಂದೊಂದು ಮರಾನೂ ಮುಟ್ಟಿ ತೋರಿಸ್ದೆ. ಒಂದು ಸತ್ರೆ ಇನ್ನೊಂದು ಮುಟ್ಟಿ ತೋರಿಸ್ತೀನಿ ಅಂದೆ. ಅದ್ಕೇ ನಂಗೆ ಯೋಳ್ಲಿಲ್ಲ, ಅಲ್ವಾ? ಬದಲಿ ಕೊಡ್ಬೇಕಾಯ್ತದೆ ಅಂತ. ನಿನ್ನ ಸೊಸೆ ಮೇಲೆ ನನ್ನ ಛೂ ಬುಡಕ್ಕೆ ಮಾತ್ರ ನನ್ನ ಮರ ನೆನಪಾಯ್ತಾ?”

“ಎರಡು ಮರಕ್ಕೆ ಏನಮ್ಮಿ ಇಂಗೆ ಬಾಯ್ಬುಡ್ತೀಯ…”

“ಎದ್ದೇಳು. ಶರಟು ಆಕೋ. ಈಗ್ಲೇ ತ್ವಾಟಕ್ಕೆ ನಡಿ. ಬಾವಿ ಪಕ್ಕದ ಎರಡು ಮರ ಮುಟ್ಟಿ ತೋರ್ಸು.”

“ಬಾವಿ ಪಕ್ಕದವಾ? ಅವು ಒಳ್ಳೆ ಫಸಲಿನ…”

“ಅವೇ. ಇಲ್ದಿದ್ರೆ ಆ ಐದು ಜನದಲ್ಲಿ ಮೂರು ಜನ ಇನ್ನೂ ಬದುಕವ್ರೆ. ಕರ್ಸಿ ಈ ಜಗುಲಿ ಮೇಲೆ ಕೂರಿಸ್ತೀನಿ.”

ಊಟ ತಣ್ಣಗಾಯಿತು. ನಂಜುಂಡೇಶ ಅಪ್ಪನನ್ನೂ ಅಕ್ಕನನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಾಗೂರಿಗೆ ಹೋಗಿ ಬಂದ. ಇಬ್ಬರೂ ಬೇರೆ ಬೇರೆ ಕಿಟಕಿ ನೋಡುತ್ತಿದ್ದರು ಅಂತ ಆಮೇಲೆ ಹೇಳಿದ. ನಾಲ್ಕು ಗಂಟೆಗೆ ಆಶಾರಾಣಿ ಕೈಕಾಲು ತೊಳೆದು, ಒಬ್ಬಳೇ ಕೂತು, ಹೊಟ್ಟೆ ತುಂಬ ಮಟನ್ ಉಂಡಳು. ಹೊರಡುವಾಗ ಶೆಡ್ಡಿನ ಬಾಗಿಲಲ್ಲಿ ನಿಂತಳು. ಸ್ಪ್ಯಾನರ್ ಇನ್ನೂ ಬೆಂಚಿನ ಮೇಲೆಯೇ ಇತ್ತು.

“ಬದಲಿ ಬಂತು. ಸತ್ತ ಮರ ಮನೇದಾಯ್ತು. ಇಟ್ಕೊ.”

“ಸರಿ ಅಕ್ಕ.”

“ನಿನ್ನ ಮ್ಯಾಲೆ ಪ್ರೀತಿ ಉಕ್ಕಿ ಬುಟ್ಟೆ ಅಂತ ತಿಳ್ಕಬ್ಯಾಡ. ನಿನ್ನ ಈ ಗಂಡುಬೀರಿತನ ನಂಗೂ ಸೇರಲ್ಲ. ನಮ್ಮ ಮನೇಲಾಗಿದ್ರೆ ಮೊದಲ್ನೇ ದಿನವೇ ಚಾಪೆ ಸುಟ್ಟಾಕ್ತಿದ್ದೆ.”

“ಗೊತ್ತಕ್ಕ. ಐದೂವರೆ ಬಸ್ಸು ಹೋಯ್ತದೆ, ಬೇಗ ಹೊರಡಿ” ಅಂದಳು ಸ್ವರ್ಣಲತಾ.

ಅದಾದ ಮೇಲೆ ಮೂರು ದಿನ ನಂಜಯ್ಯ ಮನೆಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಸೊಸೆ ಬಡಿಸಲು ಬಂದರೆ ತಟ್ಟೆ ತಿರುಗಿಸಿಕೊಂಡು ಕೂರುತ್ತಿದ್ದ. ಬೀರಮ್ಮ ಬಡಿಸಿದರೆ ಉಣ್ಣುತ್ತಿದ್ದ. ಬೀರಮ್ಮ ಆ ಕೋಪವನ್ನು ಪಾತ್ರೆಗಳ ಮೇಲೆ ತೀರಿಸುತ್ತಿದ್ದಳು. “ಅಪ್ಪ ಮಗಳ ನಡುವೆ ಬೆಂಕಿ ಇಟ್ಳು” ಎಂದು ತೊಳೆಯುವ ಒಂದೊಂದು ತಟ್ಟೆಗೂ ಹೇಳುತ್ತಿದ್ದಳು. ಬೆಂಕಿ ಇಟ್ಟದ್ದು ಯಾರೆಂದು ಸ್ವರ್ಣಲತಾ ಕೇಳಲಿಲ್ಲ. ಗೋಡೆಯ ಮೂಲೆಯಲ್ಲಿದ್ದ ತನ್ನಪ್ಪನ ಹಳೆಯ ವೈಸನ್ನು, ಸಾಮಾನು ಕಚ್ಚಿ ಹಿಡಿಯುವ ಇಕ್ಕಳವನ್ನು, ಬೆಂಚಿನ ಎಡ ತುದಿಗೆ ಬಿಗಿದಳು. ವೈಂಡಿಂಗ್ ಮೆಷಿನ್ನು ಬಲಕ್ಕೆ ಇಟ್ಟಳು. ಮೂರು ದಿನಕ್ಕೆ ಎರಡು ಮೋಟಾರು ಮುಗಿದವು. ಸಂಜೆ ಏಳುವಾಗ ಗೋಡೆ ಹಿಡಿಯುವ ಪ್ರಶ್ನೆಯೇ ಬರಲಿಲ್ಲ, ಯಾಕೆಂದರೆ ಅವಳು ಕೂತಿರಲೇ ಇಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಹಿರೀಸಾವೆಯ ನಟರಾಜು ಟೆಂಪೋದಲ್ಲಿ ಮೋಟಾರು ಹಾಕಿಕೊಂಡು ಬಂದು ಗೇಟಿನ ಪಕ್ಕಕ್ಕೆ ನಿಲ್ಲಿಸಿದ. ಸ್ವರ್ಣಲತಾ ಶೆಡ್ಡಿನ ಬಾಗಿಲು ತೆಗೆದಳು. ಕಾರು ಒಳಗೇ ಇತ್ತು. ಬರಿ ಒಳಗಿದ್ದದ್ದಲ್ಲ, ಮೂತಿ ಬೆಂಚಿಗೆ ಮುಟ್ಟುವ ತನಕ ನುಗ್ಗಿಸಿ ನಿಲ್ಲಿಸಲಾಗಿತ್ತು. ಬೆಂಚಿನ ಮುಂದೆ ಒಬ್ಬ ಮನುಷ್ಯ ನಿಲ್ಲುವುದಿರಲಿ, ಬೆಕ್ಕು ಕೂಡ ನುಸುಳುವ ಹಾಗಿರಲಿಲ್ಲ.

ನಂಜುಂಡೇಶ ಟವೆಲ್ ಸುತ್ತಿಕೊಂಡು ಬಚ್ಚಲಿನಿಂದ ಬಂದ.

“ಕಾರು ಯಾಕೆ ಇಷ್ಟು ಒಳಗೆ? ಇವತ್ತು ಬಾಡಿಗೆ ಇಲ್ವಾ?”

“ಇಲ್ಲ. ಅಪ್ಪ ಬೆಳಿಗ್ಗೆ ಎದ್ದೋರೇ ಹೇಳವ್ರೆ. ಇನ್ಮೇಲೆ ಬಾಡಿಗೆ ಇಲ್ದಾಗೆಲ್ಲ ಕಾರು ಪೂರ್ತಿ ಒಳಗಿರ್ಬೇಕಂತೆ. ಬಿಸಿಲಿಗೆ ಬಣ್ಣ ಹೋಯ್ತದಂತೆ.”

“ಹೊರಗೆ ತೆಗೀರಿ. ಗಿರಾಕಿ ಬಂದವ್ರೆ.”

“ನಾನು ಇವತ್ತು ಅಪ್ಪನ ಕೈಲಿ ಉಗಿಸ್ಕಳಲ್ಲ ಕಣೇ. ನೀನೇ ಹೋಗಿ ಕೇಳು.”

ಜಗುಲಿಯ ಮೇಲೆ ನಂಜಯ್ಯ ಪೇಪರು ಓದುತ್ತಿದ್ದ. ಪೇಪರು ಅಲ್ಲಾಡಲಿಲ್ಲ.

ಸ್ವರ್ಣಲತಾ ಯಾರನ್ನೂ ಕೇಳಲಿಲ್ಲ. ಕಾರಿನ ಬಾಗಿಲು ತೆಗೆದು, ಗೇರು ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕು ಇಳಿಸಿದಳು. ಮಳೆನೀರು ನಿಲ್ಲದಿರಲೆಂದು ನಂಜಯ್ಯನೇ ಶೆಡ್ಡಿನ ನೆಲಕ್ಕೆ ರಸ್ತೆಯ ಕಡೆ ಇಳಿಜಾರು ಕೊಟ್ಟು ಸಿಮೆಂಟು ಹಾಕಿಸಿದ್ದ. ಕಾರು ಒಮ್ಮೆ ನರಳಿತು. ಆಮೇಲೆ ಮೆಲ್ಲಗೆ, ತಾನೇ ಮನಸ್ಸು ಮಾಡಿದ ಹಾಗೆ, ಹಿಂದಕ್ಕೆ ಹೊರಟಿತು.

“ಅಯ್ಯಯ್ಯೋ! ನನ್ ಕಾರು!” ನಂಜುಂಡೇಶ ಒಂದು ಕೈಯಲ್ಲಿ ಟವೆಲ್, ಇನ್ನೊಂದು ಕೈಯಲ್ಲಿ ಬಾನೆಟ್ ಹಿಡಿದು ಓಡಿದ. ನಟರಾಜು ಟೆಂಪೋದಿಂದ ಹಾರಿ ಪಕ್ಕಕ್ಕೆ ನಿಂತ. ಕಾರು ತೆರೆದಿದ್ದ ಗೇಟು ದಾಟಿ, ರಸ್ತೆ ದಾಟಿ, ಎದುರು ಮನೆಯವರು ತಾರಸಿಗೆಂದು ಸುರಿಸಿದ್ದ ಮರಳಿನ ಗುಡ್ಡೆಗೆ ಹಿಂಬದಿ ಊರಿ ನಿಂತಿತು. ಏನೂ ಮುರಿಯಲಿಲ್ಲ. ಹಿಂದಿನ ಎರಡು ಚಕ್ರ ಮಾತ್ರ ಮರಳಿನಲ್ಲಿ ಹೂತವು.

ನಂಜಯ್ಯ ಪೇಪರು ಬಿಸಾಡಿ ಬಂದ. ಮೂರು ದಿನ ಕಟ್ಟಿಟ್ಟ ಮಾತೆಲ್ಲ ಒಟ್ಟಿಗೆ ಬಂತು. “ಏನವ್ವ ನಿನ್ನ ಕೊಬ್ಬು! ಯಾರ ಮನೆ ಅನ್ಕಂಡಿದ್ದೀಯ ಇದು? ಈ ಶೆಡ್ಡು ಕಟ್ಸಿದ್ದು ನಾನು. ಕಾರು ನಿಲ್ಸಕ್ಕೆ ಕಟ್ಸಿದ್ದು!”

“ಮನೆ ನಿಮ್ದೇ ಮಾವ. ಶೆಡ್ಡೂ ನಿಮ್ದೇ” ಅಂದಳು ಸ್ವರ್ಣಲತಾ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಕಾರಿಗೆ ಚಕ್ರ ಐತೆ, ಎಲ್ಲಿ ಬೇಕಾದ್ರೂ ನಿಂತ್ಕತದೆ. ಇದಕ್ಕೆ ಕಾಲು ಮಾತ್ರ ಇರೋದು.”

“ನಾಳೆ ಕಾರು ಮತ್ತೆ ಒಳಗೇ ಬತ್ತದೆ.”

“ಬರ್ಲಿ. ನಾಳೆನೂ ಹೊರಗೆ ಹೋಯ್ತದೆ.”

ಬೀರಮ್ಮ ಹೊಸ್ತಿಲ ಮೇಲೆ ನಿಂತು ಎದೆ ಬಡಿದುಕೊಂಡಳು. ಎದುರು ಮನೆಯವರು ತಾರಸಿಯಿಂದ ಬಗ್ಗಿ ನೋಡಿದರು. ನಟರಾಜು ಮೋಟಾರು ಇಳಿಸಬೇಕೋ ವಾಪಸ್ ಹೋಗಬೇಕೋ ತಿಳಿಯದೆ ಒಮ್ಮೆ ನಂಜಯ್ಯನ ಕಡೆ, ಒಮ್ಮೆ ಸ್ವರ್ಣಲತಾಳ ಕಡೆ ನೋಡಿದ.

“ಎಲ್ಲಿಡ್ಲವ್ವ?” ಎಂದು ಕೊನೆಗೆ ಅವಳನ್ನೇ ಕೇಳಿದ. “ನೆಲದ ಮ್ಯಾಲಾ?”

“ನೆಲದ ಮೇಲಲ್ಲ” ಅಂದಳು ಸ್ವರ್ಣಲತಾ. “ಮೇಲಿಡಿ.”